ಪಕ್ಕದ ಸೀಟು

ನಾರ್ವೆಯಿಂದ ಬಂದ ಪತ್ರದಲ್ಲಿ ಒಂದೇ ಸಾಲು:
ಅವಧಿ ಮುಗಿದ ಮೇಲೆ ನೀವು ಮರಳುವಿರೆಂಬ
ಭರವಸೆ ನಮಗಿಲ್ಲ.
ಯಮನೂರ ಅದನ್ನು ಎರಡು ಸಲ ಓದಿಸಿಕೊಂಡ.
‘ಹನ್ನೊಂದು ವರ್ಷದಾಗ ನಾ ಮಾಡಿದ್ದು ಅದೊಂದ ಅಲ್ಲೇನ, ಹೊನ್ನೀ,
ಹೋಗೂದು, ಮರಳಿ ಬರೂದು.’
ನಕ್ಕ. ನಾನೂ ನಕ್ಕೆ.
ಮೊದಲು ನಿಲ್ಲಿಸಿದ್ದು ಯಾರೋ ನೆನಪಿಲ್ಲ.

ಕ್ಲಿನಿಕ್ಕಿನ ಹಳೇ ಕ್ಯಾಲೆಂಡರಿನಿಂದ ಕತ್ತರಿಸಿದ ಚಿತ್ರ
ಫ್ರಿಜ್ಜಿನ ಬಾಗಿಲಲ್ಲೇ ಉಳಿಯಿತು:
ಕಡಿದಾದ ಬೆಟ್ಟ, ಸಂದಿಗೆ ನುಗ್ಗಿದ ನೀಲಿ ನೀರು,
ಅಂಚಿನಲ್ಲೊಂದು ಕೆಂಪು ಕಾರು, ಉಗುರಿನಷ್ಟು.
ಲ್ಯಾಬಿನ ಮರಿಸೆಲ್ ಅದನ್ನು ನೋಡಿ,
ಇದಕ್ಕೆ ಅಷ್ಟು ದೂರ ಯಾಕೆ,
ಖಸಬ್‌ನಲ್ಲೂ ಸಮುದ್ರ ಬೆಟ್ಟದೊಳಗೆ ಹೊಕ್ಕಿದೆ,
ಎರಡು ತಾಸಿನ ಹಾದಿ, ಅಂದಳು.

ಈದ್ ರಜೆ. ನಮ್ಮ ಕಾರು ಬಿಳಿಯದು, ಮೂರನೇ ಕೈ.
ಐದನೇ ಸಲಕ್ಕೆ ಪಾಸಾದ ನನ್ನ ಲೈಸನ್ಸಿಗೆ
ಇನ್ನೂ ಹೊಸ ಪ್ಲಾಸ್ಟಿಕ್ಕಿನ ವಾಸನೆ.
ಅವನು ಕೈಚಾಚುವ ಮುಂಚೆ ಕೀಲಿ ನಾನೇ ತಗೊಂಡೆ.
ವರ್ಷವಿಡೀ ಟ್ರೇಲರ್ ಓಡಿಸುವವನಿಗೆ
ರಜೆಯೆಂದರೆ ಇನ್ನೊಂದು ಸ್ಟೇರಿಂಗೇ?

ಪಕ್ಕದ ಸೀಟಿನಲ್ಲಿ ಅವನ ಬಲಗಾಲು
ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು.
ರೌಂಡಬೌಟಿಗೊಂದು ‘ಹೂಂ’, ಕ್ಯಾಮರಾ ಕಂಡರೆ ‘ಹೂಂ ಹೂಂ’,
ಹೆರಿಗೆ ಕೋಣೆಯ ಹೊರಗೆ ನಿಂತವನ ಹಾಗೆ.
ತೊಡೆಯ ಮೇಲೆ ಖಡಕ್ ರೊಟ್ಟಿಯ ಗಂಟು,
ಎರಡೂ ಕೈಯಲ್ಲಿ ಹಿಡಿದಿದ್ದ,
ನನ್ನ ಬ್ರೇಕಿಗೆ ಒಂದೂ ಚೂರಾಗಬಾರದಲ್ಲ.

ಖೋರ್ ಖುವೈರಿನ ಹತ್ತಿರ ಹಾದಿ ಬೆಳ್ಳಗಾಯಿತು.
ಅವನ ಗಣಿ. ಆವತ್ತು ಧೂಳಿಗೂ ರಜೆ.
‘ಇಲ್ಲೇ ನಿಲ್ಸು.’
ಕಿಟಕಿ ಇಳಿಸಿ ನೋಡಿದ, ಬಹಳ ಹೊತ್ತು.
ತುಟಿ ಅಲುಗುತ್ತಿತ್ತು. ಲೆಕ್ಕ ಹಾಕುತ್ತಿದ್ದಾನೆ:
ದಿನಕ್ಕೆ ನಾಲ್ಕು ಟ್ರಿಪ್ಪು, ಟ್ರಿಪ್ಪಿಗಿಷ್ಟು ಟನ್ನು.
‘ಆ ಬೆಟ್ಟದ ಭುಜ ಮುರದೈತಿ ನೋಡು,
ಅದನ್ನ ಒಯ್ದು ಸಮುದ್ರಕ್ಕ ಸುರುವಿದಾಂವ ನಾನ.
ಅದರ ಮ್ಯಾಲ ಈಗ ಹೋಟೆಲ್ ಎದ್ದಾವ.
ದಿನಾ ಕನ್ನಡಿಯಾಗ ನೋಡತಿದ್ದೆ,
ಲೋಡ್ ಜಾರಿತೋ ಇಲ್ಲೋ ಅಂತ, ಅಷ್ಟ.
ಹಿಂಗ ಎದುರಾಎದುರು ನೋಡಿದ್ದಿಲ್ಲ.’

ಗಡಿಯಲ್ಲಿ ಮೀಸೆ ಚಿಗುರುತ್ತಿದ್ದ ಹುಡುಗ
ಪಾಸ್‌ಪೋರ್ಟು ತಿರುವಿ, ಎಷ್ಟು ದಿನ ಎಂದ.
ಎರಡು ಎಂದೆ.
ಮರಳುತ್ತೀರಾ ಅಂತ ಅವನೇನೂ ಕೇಳಲಿಲ್ಲ,
ಇವನೇ ಕಿಟಕಿಗೆ ಬಾಗಿ, ತನ್ನ ಹರಕು ಅರಬ್ಬಿಯಲ್ಲಿ
‘ಬರ್ತೀವಿ ಸಾಹೇಬ, ಬಂದs ಬರ್ತೀವಿ’ ಅಂದ.
ಹುಡುಗ ತಲೆಯೆತ್ತದೆ ಠಪ್ಪಂತ ಮೊಹರು ಒತ್ತಿದ.

ಆಮೇಲೆ ಎಡಕ್ಕೆ ಸಮುದ್ರ, ಬಲಕ್ಕೆ ಬಂಡೆ,
ನಡುವೆ ಬೆವರುವ ನನ್ನ ಹತ್ತು ಬೆರಳು.
ಬುಖಾ ದಾಟಿದ ಮೇಲೆ ಒಂದು ಆಡು
ಹಾದಿಯ ನಡುವೆ ರಟ್ಟಿನ ಡಬ್ಬಿ ಮೆಲ್ಲುತ್ತ ನಿಂತಿತ್ತು,
ಯಾವ ದಾಖಲೆಯೂ ಬೇಕಿಲ್ಲದ ಪ್ರಾಣಿ.
ಹಾರ್ನ್ ಮಾಡಲಿಲ್ಲ. ಅದರ ಊಟ ಮುಗಿಯಲಿ.

ಏರು ಹತ್ತಿ ಕೊನೆಯ ತಿರುವು ತಿರುಗಿದರೆ
ಕೆಳಗೆ ಥೇಟು ಕ್ಯಾಲೆಂಡರು,
ಹಸಿರೊಂದನ್ನು ಯಾರೋ ಉಜ್ಜಿ ಅಳಿಸಿದ್ದರು.
‘ಏ, ನೋಡ್ರಿ ಇಲ್ಲೆ’ ಅಂದೆ.
ಉತ್ತರವಿಲ್ಲ. ಹೂಂ ಕೂಡ ಇಲ್ಲ.
ಬಲಗಾಲು ಯಾವಾಗಲೋ ಸುಮ್ಮನಾಗಿತ್ತು,
ಬಾಯಿ ಅರ್ಧ ತೆರೆದಿತ್ತು.
ಮೊದಲು ಸಿಟ್ಟೇ ಬಂತು, ಸುಳ್ಳು ಯಾಕೆ.

ಬದಿಗೆ ನಿಲ್ಲಿಸಿದೆ. ಇಂಜಿನ್ ಆರಿಸಿದರೆ
ಆ ಮೌನಕ್ಕೇ ಎಚ್ಚರಾಗುವ ಜಾತಿ ಅವನು;
ಓಡುತ್ತಲೇ ಇರಲೆಂದು ಬಿಟ್ಟೆ.
ಗಂಟಿನಿಂದ ಒಂದು ಚೂರು ಮೆಲ್ಲಗೆ ಎಳೆದೆ.
ಚೂರಾಗಿಯೇ ಇತ್ತು.
ಕಡಿದರೆ ಸಪ್ಪಳ.
ನಾಲಿಗೆಯ ಮೇಲಿಟ್ಟು, ನೀರನ್ನೇ ನೋಡುತ್ತ,
ನೆನೆಯಲು ಬಿಟ್ಟೆ.