ಕಂಪಾಸ ಪೆಟಗಿ

ಹಿಂದಿನ ಸೀಟಿನವರು ಕೇಳೇ ಕೇಳ್ತಾರ,
ಉಣಕಲ್ ಕೆರಿ ದಾಟೂದ್ರೊಳಗ:
"ದಿನಕ್ಕ ಎಷ್ಟ ಬೀಳ್ತದೋ ತಮ್ಮಾ?"
ನಾ ಕನ್ನಡ್ಯಾಗ ಅವರ ಮಾರಿ ನೋಡಿ
ಒಂದು ಅಂಕಿ ಹೇಳ್ತೇನಿ. ವಕೀಲರಿಗೊಂದು,
ಹೆಣ್ಣು ನೋಡಾಕ ಹೊಂಟವರಿಗೊಂದು,
ಸಾಲಾ ಕೇಳೂ ಹಂಗ ಕಾಣೂ ಮಂದಿಗೆ ಇನ್ನೂ ಸಣ್ಣದು.
ಖರೇ ಅಂಕಿ ನನಗೂ ಗೊತ್ತಿರಲಿಲ್ಲ.

ಹೋದ ವರ್ಷ ಜೂನಿನ್ಯಾಗ, ಸ್ಟೇಷನ್ ಮುಂದ ಚಾ ಕುಡಿಯೂವಾಗ
ಬುಡ್ಡೇಸಾಬ ಹೇಳಿದಾ: "ಯಾರಿಗೋ ನೋಟಿಸ್ ಬಂದದಂತ.
ಆ್ಯಪಿನ್ಯಾಗ ಬಿದ್ದದ್ದೆಲ್ಲಾ ಕಾಣ್ತದಂತ ಅವರಿಗೆ,
ಬಾಯಿ ಅಷ್ಟ ಅಲ್ಲ, ಹೊಟ್ಟಿ ಸುದ್ದಾ."
ಅವತ್ತ ರಾತ್ರಿ ಮಗಳ ಹಳೇ ಕಂಪಾಸ ಪೆಟಗಿ ಹುಡುಕಿದೆ.
ಕೋನಮಾಪಕ ಹಂಗ ಇತ್ತು, ಅರ್ಧ ಚಂದ್ರಾಮ.
ಅದರ ಬುಡಕ ಇಟ್ಟೆ: ನೂರಕ್ಕ ಎಂಟು.
ಎಂಟ ಯಾಕ ಅಂತ ಕೇಳಬ್ಯಾಡ್ರಿ.
ಹತ್ತು ಹೆಚ್ಚಾತು, ಐದು ಅಂಜಿಕಿಗೆ ಸಾಲಲಿಲ್ಲ.

ಫೋನಿನ್ಯಾಗ ಬೀಳೂ ರೊಕ್ಕಕ್ಕ ಸಪ್ಪಳಿಲ್ಲ.
ಅದಕ್ಕ ದಿನಾ ರಾತ್ರಿ ಪಾನ ಅಂಗಡ್ಯಾಗ
ಅವನ ಸ್ಕ್ಯಾನರಿಗೆ ಕಳಿಸಿ, ನೋಟು ಇಸಗೊಂಡು ಬರ್ತಿದ್ದೆ.
ಪೆಟಗಿ ಮುಚ್ಚಿದಾಗ ಟಪ್ ಅಂತಿತ್ತು.
ರುಕ್ಮಾಬಾಯಿ ಮಗ್ಗಲಾ ಬದಲಿಸಿ ಅಂತಿದ್ಲು,
"ಸರಕಾರನ್ನ ಮಲಗಿಸಿದ್ರೇನು?"

ಖರೇ ಹೇಳಬೇಕಂದ್ರ ನಾ ಆ ಪೆಟಗಿಗೆ ಕೈ ಹಾಕೀನಿ.
ಮುಂದಿನ ಟಾಯರು, ಮೂರು ಸಾವಿರದ ಎರಡನೂರು.
ಆಯಿ ಕನ್ನಡಕ, ಒಂಬೈನೂರು.
ಶ್ರಾವಣದಾಗ ಸವಾರಿ ಇಲ್ಲದ ಒಂದು ವಾರ, ಬರೇ ಅಕ್ಕಿ, ಎಣ್ಣಿ.
ತಗದಾಗೊಮ್ಮೆ ಚೀಟಿ ಬರದು ಇಟ್ಟೆ.
ಯಾರ ಹೆಸರಿಗೆ ಬರೀಬೇಕು ತಿಳೀಲಿಲ್ಲ,
"ಕೊಡೂದದ, ತುಕಾರಾಮಸಾ" ಅಂತಷ್ಟ.

ಮಾರ್ಚ್ ಹದಿನೈದು ಹತ್ರ ಬಂತು. ಕ್ಯಾಲೆಂಡರಿನ್ಯಾಗ
ಏಕಾದಶಿ ಬಾಜೂಕ ನಾನ ಹಾಕಿದ ಕೆಂಪು ಸುತ್ತು.
ಕೊಪ್ಪೀಕರ ರೋಡಿನ ಮ್ಯಾಲಿನ ಖೋಲ್ಯಾಗ ಹೊಸಕೇರಿ ಬಾಯಾರು
ವರ್ಷದ ಹಾಳಿ ತಗದ್ರು. ಒಂಬತ್ತು ಲಕ್ಷದ ಎಂಬತ್ತಾರು ಸಾವಿರ.
"ಯಾರರೀ ಈ ಮನಷ್ಯಾ?" ಅಂದೆ.
"ಒಂದೀಟು ಸಾಲಾ ಕೇಳೂದಿತ್ತು."
ಅವರು ನಗಲಿಲ್ಲ. ಕಳ್ಯಾಕ ಹತ್ತಿದ್ರು:
ಕಂಪನಿ ಮುರಕೊಂಡದ್ದು, ಗ್ಯಾಸು, ಇನ್ಸೂರೆನ್ಸು, ಗಾಡಿ ಸವದದ್ದು.
ನಾ ಕೇಳಿದೆ: ಧಾರವಾಡಕ್ಕ ಮಂದೀನ ಬಿಟ್ಟು,
ಟೋಲನಾಕಾದಾಗ ತಾಸಗಟ್ಟಲೆ ನಿಂತು,
ರಾಯಾಪುರ, ನವನಗರ, ಖಾಲಿ ಬರ್ತೇನಲ್ರಿ,
ಬಾಜೂಕ ಚಿಗರಿ ಬಸ್ಸು ತುಂಬಿ ಓಡೂವಾಗ,
ಆ ಇಪ್ಪತ್ತು ಕಿಲೋಮೀಟರು ಯಾವ ಮನ್ಯಾಗ ಬರೀತೀರಿ?
"ಗ್ಯಾಸಿನ್ಯಾಗ ಬಂತ್ರಿ ಅದು."
ಗ್ಯಾಸು ಬಂತು.
ಆ ಸಂಜಿ ಎಲ್ಲಿ ಬಂತು ಅಂತ ನಾ ಕೇಳಲಿಲ್ಲ.

ಕಡೀಕ ಪೆನ್ನು ನಿಂತಿತು.
"ತುಕಾರಾಮಸಾ, ನೀವು ಕೊಡೂದು ಏನೂ ಇಲ್ಲ. ಸೊನ್ನಿ.
ನಿಮ್ಮ ಹೆಸರಲೆ ಮದಲ ಕೊಯ್ದದ್ದೂ ತಿರುಗಿ ಬರ್ತದ,
ರಿಟರ್ನ್ ಅಷ್ಟ ಹಾಕೂಣು."

ಖುಷಿ ಆಗಬೇಕಿತ್ತು.
ಇಳಿಯೂ ಪಾವಟಿಗಿ ಮ್ಯಾಲ ಯಾಕೋ ಮಾರಿ ಸಣ್ಣದಾತು,
ಬೀಗರ ಮನಿಗೆ ಆಹೇರಿ ಒಯ್ದು
"ಇರಲಿ, ನೀವ ಇಟ್ಕೊಳ್ರಿ" ಅನಿಸಿಕೊಂಡವನಂಗ.
ವರ್ಷಿಡೀ ದೊಡ್ಡವರಿಗೆ ಬಾಕಿ ಇದ್ದ ಮನಷ್ಯಾ ನಾ.

ಗಾಡ್ಯಾಗ ಕುಂತು ಪೆಟಗಿ ತಗದೆ.
ನೋಟಕಿಂತ ಚೀಟಿ ಹೆಚ್ಚಿದ್ದುವು.
ಹರೀಬೇಕಂತ ಒಂದು ಎತ್ತಿದೆ, ತಿರುಗಿ ಇಟ್ಟೆ.
ಸರಕಾರ ಬಿಟ್ಟದ.
ಪೆಟಗಿ ಬಿಟ್ಟಿಲ್ಲ.

ಅಷ್ಟರಾಗ ಫೋನ್ ಒದರ್ತು.
ಕೇಶ್ವಾಪುರದಿಂದ ಸ್ಟೇಷನ್, ತೊಂಬತ್ತಾರು ರೂಪಾಯಿ.
ಸೂಟಕೇಸು ತೊಡಿ ಮ್ಯಾಲ ಇಟಗೊಂಡು ಕುಂತವರು
ಎರಡನೇ ಸಿಗ್ನಲ್ಲಿಗೇ ಕೇಳಿದ್ರು,
"ದಿನಕ್ಕ ಎಷ್ಟ ಬೀಳ್ತದ?"
"ನಾ ಹೇಳ್ಲ್ಯೋ, ಹಾಳಿ ಹೇಳ್ಲ್ಯೋ ಸಾಹೇಬ್ರ?"
ಅವರು ಫೋನಿನ್ಯಾಗ ಮಾರಿ ಹಾಕಿದ್ರು.
ನಾ ಗೇರ್ ಬದಲಿಸಿದೆ. ತೊಂಬತ್ತಾರಕ್ಕ
ಏಳು ರೂಪಾಯಿ ಅರವತ್ತೆಂಟು ಪೈಸೆ.
ಎಂಟ ಹಿಡೀರಿ.