ಕೈಪಿಡಿ

ಇನ್ನೂರೆಂಬತ್ತು ಲರಿ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು
ಓನಿಯಿಂದ ಬೆಳಗಿನ ವ್ಯಾನು ಹಿಡಿದು
ಕುತಾಯಿಸಿಗೆ ಇಳಿದಿದ್ದೇನೆ.
ಹಿಮ ದಾರಿ ಮುಚ್ಚುವ ಮೊದಲು ಇದೇ ಕೊನೆಯ ಸಲ.
ಶಾಲೆಯಲ್ಲಿ ಮಕ್ಕಳು ಇಪ್ಪತ್ತಮೂರು,
ಜೊತೆಗೆ ಒಲೆಗೆ ಕಟ್ಟಿಗೆ ಒಟ್ಟುವ ಬೆಸಿಕ್, ವಯಸ್ಸು ಅರವತ್ತೊಂದು.
ಅವನನ್ನೂ ಎಣಿಸಿದ್ದೇನೆ,
ಹಾಜರಿಯಲ್ಲಲ್ಲ, ಈ ಚೀಟಿಯಲ್ಲಿ.

ಬಿಳಿ ಸೇತುವೆಯ ಹಿಂದಿನ ಓಣಿ, ಒತಾರನ ಅಂಗಡಿ.
ಕೈಪಿಡಿಗಳ ಅಟ್ಟಿಯ ಮೇಲೆ ಬೆಕ್ಕು.
'ದಿನಕ್ಕೆ ಹತ್ತು ಸಲ ಎಬ್ಬಿಸಬೇಕು ಇದನ್ನು' ಅನ್ನುತ್ತಾನೆ,
'ಕಾದಂಬರಿಗಳ ಮೇಲೆ ಮಲಗಿದ್ದರೆ
ಸಂಜೆತನಕ ನೆಮ್ಮದಿಯ ನಿದ್ದೆ.'

ಮೊದಲು ಆರು ವರ್ಷದವರು.
ಅವರ ಪುಸ್ತಕ ನಾನು ಓದುವುದಿಲ್ಲ, ಹೊಲಿಗೆ ಜಗ್ಗಿ ನೋಡುತ್ತೇನೆ.
ಎಲೆನೆ ಕಚ್ಚುತ್ತಾಳೆ, ಗೆಗಾ ಅದರ ಮೇಲೇ ಕೂರುತ್ತಾನೆ.
ಚಿತ್ರದ ಕರಡಿ ತೀರಾ ನಗಬಾರದು:
ಜೇನುಪೆಟ್ಟಿಗೆ ಸೀಳಿಹೋದ ಬೆಳಗನ್ನು
ಅವರು ಕಣ್ಣಾರೆ ಕಂಡವರು.

ಹತ್ತಕ್ಕೆ ಬೇಕು ದಾರಿ ತಪ್ಪುವ ಕಥೆ,
ಅದೂ ಮನೆಯಿಂದ ಕೂಗಳತೆಯಲ್ಲಿ.

ಹದಿಮೂರಕ್ಕೆ ಏನು ಕೊಂಡರೂ ತಪ್ಪು.
ಹೋದ ವರ್ಷ ಅಳೆದೂ ಸುರಿದೂ ಒಯ್ದದ್ದನ್ನು
ಖಾತುನಾ ಮೇಜಿನ ಕುಂಟುಕಾಲಿಗೆ ಒತ್ತು ಕೊಟ್ಟಳು.
ಮಾರ್ಚಿಯಲ್ಲಿ ನೋಡಿದರೆ
ಮೇಜು ಮತ್ತೆ ಕುಂಟುತ್ತಿತ್ತು.
ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಈಗ ಪರೀಕ್ಷೆಯವರು, ನಾಲ್ವರು.
ಬೆಕ್ಕನ್ನು ಎತ್ತಿ ಪಕ್ಕಕ್ಕಿಟ್ಟೆ.
'ನೀವೂನಾ ಟೀಚರ್?
ಯಾರೋ ಅಗಿದು ಉಗಿದ ತುತ್ತು ಇದು.'
ಇಪ್ಪತ್ತೈದರಲ್ಲಿ ನಾನೂ ಹಾಗೆಯೇ ಅಂದಿದ್ದೆ, ಇನ್ನೂ ಜೋರಾಗಿ.
ಆಗ ತೊರ್ನಿಕೆ ನನ್ನ ತರಗತಿಯಲ್ಲಿರಲಿಲ್ಲ.
ನಸುಕಿಗೆ ಎದ್ದು ಏಳು ಹಸು ಕರೆದು ಬರುತ್ತಾನೆ,
ಅಂಗೈಯಲ್ಲಿ ಇನ್ನೂ ಕೆಚ್ಚಲ ಬಿಸಿ,
ಎದುರಿಗೆ ಎಂಟು ಶತಮಾನ ಹಳೆಯ ಪದ್ಯ,
ಹಿಡಿಯಲು ಹುಲ್ಲೂ ಇಲ್ಲದ ಕಡಿದು.
ಹಗ್ಗ ಕಟ್ಟಿಕೊಂಡು ಹತ್ತುವವನನ್ನು
ತಪ್ಪಲಲ್ಲಿ ನಿಂತು ಆಡಿಕೊಳ್ಳಲೇ?
ಕೈಪಿಡಿ. ಕೈ ಹಿಡಿಯುವುದು ಹೆಸರಲ್ಲೇ ಇದೆ,
ಎಲ್ಲಿ ಬಿಡಬೇಕೆಂಬುದು
ಯಾವ ಪುಟದಲ್ಲೂ ಅಚ್ಚಾಗಿಲ್ಲ.

ಹೊಸತು ಮೂರಕ್ಕೆ ಮಾತ್ರ ಹಣ ಸಾಲುತ್ತಿತ್ತು.
ನಾಲ್ಕನೆಯದು ಹಳೆಯದು, ಅರ್ಧ ಬೆಲೆ, ಬೆನ್ನು ಬಿಚ್ಚಿದ್ದು.
ತೆರೆದೆ. ಅಚ್ಚಿನಲ್ಲಿ:
'ಇಲ್ಲಿ ನಾಯಕಿ ತಾಳ್ಮೆಯ ಪ್ರತೀಕ. ಐದು ಅಂಕ.'
ಅಂಚಿನಲ್ಲಿ ಪೆನ್ಸಿಲು, ಓರೆ ಅಕ್ಷರ:
'ಅಲ್ಲ. ಅವಳಿಗೆ ಸುಸ್ತಾಗಿದೆ.'

ಒತಾರ್ ಕನ್ನಡಕ ಏರಿಸಿ, ನಾಚಿ, ರಬ್ಬರು ಹುಡುಕತೊಡಗಿದ.
'ಅಳಿಸಿ ಕೊಡುತ್ತೇನೆ, ಎರಡೇ ನಿಮಿಷ.'
ಅವನ ಕೈಯನ್ನು ಒತ್ತಿ ಹಿಡಿದೆ.
'ಅಚ್ಚನ್ನು ಅಳಿಸಲಾದರೆ ಹೇಳು.'

ಬೆಸಿಕ್ ಕೇಳಿದ್ದು ದಪ್ಪ ಅಕ್ಷರದ, ಯಾರೂ ಸಾಯದ ಪುಸ್ತಕ.
ಏಣಿ ಹತ್ತಿ ಇಳಿದು, ಧೂಳು ಕೆಮ್ಮಿ,
ಕೊನೆಗೆ ಒತಾರ್ ಜೇನುಸಾಕಣೆಯದೊಂದು ಕೊಟ್ಟ.
ನಲವತ್ತನೇ ಪುಟದಲ್ಲಿ ರಾಣಿ ಸಾಯುತ್ತಾಳೆ.
ಆದರೆ ನಲವತ್ತೊಂದರಲ್ಲಿ ಇನ್ನೊಬ್ಬಳು ಇದ್ದಾಳೆ, ತೆಗೆದುಕೊಂಡೆ.

ವ್ಯಾನು ಏರತೊಡಗಿತು. ಕೆಳಗೆ ರಿಯೋನಿ ಹೊಳೆ, ಕತ್ತಲು.
ಮೊಣಕಾಲ ಮೇಲೆ ಗಂಟು, ಫೋನಿನ ಬೆಳಕು,
ನಾನು ಅಚ್ಚನ್ನು ಬಿಟ್ಟು ಅಂಚನ್ನು ಓದುತ್ತಿದ್ದೆ.
'ಇದು ಅಜ್ಜಿಯ ಮಾತಿನ ಹಾಗಿದೆ.'
'ಯಾಕೆ ತಿರುಗಿ ನೋಡಲಿಲ್ಲ?'
ಎಪ್ಪತ್ತೆರಡನೇ ಪುಟದಲ್ಲಿ, ಅವಸರದ ಕೈ:
'ಬಸ್ಸು ಬಂತು. ಉಳಿದದ್ದು ಆಮೇಲೆ.'

ಆಮೇಲಿನದೆಲ್ಲ ಬರೀ ಬಿಳಿ.

ತೊರ್ನಿಕೆಗೆ ಕೊಡುವಾಗ ಪೆನ್ಸಿಲೊಂದು ಕೊಡಬೇಕು.
ಚೀಟಿಯಲ್ಲಿ ಅದನ್ನೇ ಬರೆದಿರಲಿಲ್ಲ.