ನಲವತ್ತೆರಡು ಪಾವಟಿಗಿ

ಶುಕ್ರವಾರ ಪೇಟೆ ರದ್ದಿ ಅಂಗಡ್ಯಾಗ
ಪ್ರತಿ ಆದಿತವಾರ ಹಂಡ್ಯಾನ್ನ ತಕ್ಕಡಿಗೆ ಕೂಡಸ್ತೀನಿ.
ಹಳೇ ಪೇಪರಿನ ಕಟ್ಟು ಇಳಿಸಿ
ಧೋಂಡಿಬಾ ಓದ್ತಾನ: "ವೀಸ ಕಿಲೋ, ವಹಿನಿ."
ನಾಲ್ಕು ತಿಂಗಳ ಗ್ರೇಟ್ ಡೇನು.

ಸಾಲದು ಅಂತಾರ ಅತ್ತಿ.
ತುಪ್ಪ ಹಾಕು, ಹಾಲಿಗೆ ಕ್ಯಾಲ್ಸಿಯಂ ಪುಡಿ ಹಾಕು,
ಎಲುಬು ಎಣಸಾಕ ಬರ್ತಾವ, ಮಂದಿ ಏನಂದಾರು!

ಬ್ಯಾಡ ಅಂತಾರ ಖಂಬಾಟಾ ಡಾಕ್ಟರ್ರು.
ದೊಡ್ಡ ಜಾತಿ, ಸಾವಕಾಶ ಬೆಳೀಲಿ.
ಪಕ್ಕದ ಎಲುಬು ಕಣ್ಣಿಗಲ್ಲ, ಬೆರಳಿಗೆ ಸಿಗಬೇಕು.
ಕೀಲು ಇನ್ನೂ ಹಸೀ ಅದಾವ,
ಪಾವಟಿಗಿ ಇಳಿಸಬ್ಯಾಡ್ರಿ.

ಮೂರನೇ ಮಜಲಾ. ಲಿಫ್ಟಿಲ್ಲ.
ಹೊತಗೊಂಡ ಇಳೀತೀನಿ, ಹೊತಗೊಂಡ ಏರ್ತೀನಿ,
ನಡುವ ಕಟ್ಟಿ ಮ್ಯಾಲ ಕೂತು
ಇಬ್ರೂ ತೇಕತೀವಿ.
ಪಂಜಾ ಮಾತ್ರ ಆಗಲೇ ಬೆಳದ ನಿಂತಾವ,
ಅಣ್ಣನ ಬೂಟು ಮೆಟ್ಟಿಕೊಂಡ ತಮ್ಮನಂಗ.

ನಿನ್ನೆ ಎರಡನೇ ತಿರುವಿನಾಗ
ಕಟಕ್ ಅಂತು.
ಎದಿ ಝಲ್ ಅಂದು ಅವನ ಕಾಲು ಒಂದೊಂದ ಒತ್ತಿ ನೋಡಿದೆ.
ಅಂವ ನನ್ನ ಗದ್ದ ನೆಕ್ಕಿದ.
ಸಪ್ಪಳ ನನ್ನ ಮೊಣಕಾಲಿಂದು.

ಅತ್ತಿ ಬಾಗಲದಾಗ ನಿಂತಿದ್ರು.
ಏನೂ ಅನಲಿಲ್ಲ.
ರಾತ್ರಿ, ಪುಡಿ ಕಲಿಸಿದ ಹಾಲು
ನನ್ನ ಮುಂದ ತಂದಿಟ್ಟರು.